ಬರ್ನೇಸ್ ಬಂದರೆ ಪಾವಗಡಕ್ಕೇ ಬರಲಿ

ತುಮಕೂರಿನಲ್ಲಿ ಖಾಸಗಿ ಬಸ್ಸಿಗೆ ಜನ ತುಂಬಿಸುವ ಏಜೆಂಟನ ಕೂಗು ಕೇಳದವರು ನಮ್ಮ ಕಡೆ ಯಾರೂ ಇಲ್ಲ. “ಕೊರಟ್ಗೆರೆ ಮದ್ಗಿರಿ ಪಾವ್ಗಡಾ... ಮದ್ಗಿರಿ ಮದ್ಗಿರಿ... ಹತ್ತಣ್ಣ ಹತ್ತು, ಹೊಲ್ಟೇಬಿಡ್ತು!” ಬಸ್ಸು ಹೊರಟಿರುವುದಿಲ್ಲ. ಡ್ರೈವರಣ್ಣ ಎದುರಿನ ಟೀ ಅಂಗಡಿಯಲ್ಲಿ ಎರಡನೇ ಲೋಟ ಹಿಡಿದಿರುತ್ತಾನೆ. ಕ್ಲೀನರ್ ಹುಡುಗ ಎಂಜಿನ್ನನ್ನು ಗುರ್ ಅನ್ನಿಸುತ್ತಾ ಬಸ್ಸನ್ನು ಒಂದು ಮಾರು ಮುಂದಕ್ಕೆ, ಅರ್ಧ ಮಾರು ಹಿಂದಕ್ಕೆ ಜಗ್ಗಿಸುತ್ತಿರುತ್ತಾನೆ. ಅದನ್ನು ಕಂಡು ಗಂಟುಮೂಟೆ ಸಮೇತ ಓಡಿಬಂದು ಹತ್ತಿದವರು ಬೆವರು ಒರೆಸಿಕೊಳ್ಳುತ್ತಾ “ಇನ್ನೂ ಎಷ್ಟೊತ್ತು ಗುರುವೇ?” ಎಂದು ಗೊಣಗುವ ಹೊತ್ತಿಗೆ ಏಜೆಂಟಣ್ಣ ಮುಂದಿನ ಬಸ್ಸಿನ ಮುಂದೆ ನಿಂತಿರುತ್ತಾನೆ.

ಜಾಹೀರಾತು ಓದುವ ಮಕ್ಕಳ ನೋಟ್ಸಿನಲ್ಲಿ ಇದಕ್ಕೊಂದು ಸೂತ್ರವಿದೆ. ಮೊದಲು ಗಮನ ಸೆಳೆ, ಆಮೇಲೆ ಆಸಕ್ತಿ ಹುಟ್ಟಿಸು, ಆಸೆ ಬೆಳೆಸು, ಕಡೆಗೆ ಕೊಳ್ಳುವಂತೆ ಮಾಡು. ಎಲ್ಮೋ ಲೂಯಿಸ್ ಎಂಬ ಅಮೆರಿಕದ ಜಾಹೀರಾತಿನವನ ಹೆಸರಿನಲ್ಲಿ ಅದು ನೂರಿಪ್ಪತ್ತು ವರ್ಷದಿಂದ ಪ್ರಪಂಚವೆಲ್ಲ ಓಡಾಡಿಕೊಂಡಿದೆ. ನಮ್ಮ ಏಜೆಂಟಣ್ಣ ನಾಲ್ಕೂ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿಸುತ್ತಾನೆ. ಕೊನೆಯ ಮೆಟ್ಟಿಲಂತೂ ಬಸ್ಸಿನದೇ. “ಹೊಲ್ಟೇಬಿಡ್ತು” ಅನ್ನುವುದು ಮಾತ್ರ ಶುದ್ಧ ಸುಳ್ಳು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಅನ್ನುತ್ತದೆ. ಅದನ್ನು ಬಸ್ ಸ್ಟ್ಯಾಂಡಿಗೂ ತಂದರೆ ಏಜೆಂಟಣ್ಣನ ಮೊಮ್ಮಕ್ಕಳ ಕಾಲಕ್ಕೂ ಆ ಬಾಕಿ ತೀರುವುದಿಲ್ಲ.

ತಮಾಷೆಯೆಂದರೆ, ಅದೇ ಬಸ್ಸಿನ ಕಿಟಕಿ ಪಕ್ಕದಲ್ಲಿ ನಮ್ಮ ಕಡೆಯ ಹುಡುಗನೋ ಹುಡುಗಿಯೋ ಜೆರಾಕ್ಸ್ ನೋಟ್ಸು ಹಿಡಿದು ತುಟಿ ಅಲ್ಲಾಡಿಸುತ್ತಾ ಕೂತಿರುತ್ತದೆ. ‘ಜಾಹೀರಾತು ಎಂದರೇನು? ಅದರ ವಿಧಗಳನ್ನು ವಿವರಿಸಿ. ಹತ್ತು ಅಂಕ.’ ಹೊರಗೆ ಗಂಟಲು ಹರಿದುಕೊಳ್ಳುತ್ತಿರುವ ಉತ್ತರ ಕೇಳಿ ಕಿರಿಕಿರಿಯಾಗಿ, ಓದಲು ತೊಂದರೆ ಎಂದು ಕಿಟಕಿ ಗಾಜು ಎಳೆದುಕೊಳ್ಳುತ್ತದೆ.

2004ರಲ್ಲಿ ತುಮಕೂರಿಗೇ ಒಂದು ವಿಶ್ವವಿದ್ಯಾನಿಲಯ ಬಂದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳಿಗೆ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಕೈಗೆಟುಕುವ ದೂರಕ್ಕೆ ಬಂತು. ಪಾವಗಡದವರಿಗೆ ನೂರು ಕಿಲೋಮೀಟರು ಆಸುಪಾಸಿನ ಬಸ್ ಪ್ರಯಾಣವನ್ನು ಕೈಗೆಟುಕುವ ದೂರ ಅನ್ನಬಹುದಾದರೆ! ವರದಿಗಾರಿಕೆಯ ಜೊತೆಗೆ ಜಾಹೀರಾತು, ಸಾರ್ವಜನಿಕ ಸಂಪರ್ಕವನ್ನೂ ಮಕ್ಕಳು ಓದುತ್ತಾರೆ. ಮನೆಯವರಿಗೆ ಅದನ್ನು ಬಿಡಿಸಿ ಹೇಳುವುದೇ ಅವರ ಮೊದಲ ಪ್ರಾಕ್ಟಿಕಲ್ ಪರೀಕ್ಷೆ. ನಮ್ಮ ನೆಂಟರ ಮನೆಯೊಂದರಲ್ಲಿ ಅಜ್ಜಿ ಕೇಳಿದರು: “ಏನ್ ಮಗ, ಅದೇನೋ ಪೀಯಾರು ಅಂತೀಯಲ್ಲ, ಹಂಗಂದ್ರೆ?”

“ಒಂದು ಸಂಸ್ಥೆ ಇರ್ತೈತಜ್ಜಿ. ಅದರ ವಿಷ್ಯ ಜನಕ್ಕೆ ತಿಳಿಸ್ಬೇಕು. ಜನದ ವಿಷ್ಯ ಸಂಸ್ಥೆಗೆ ತಿಳಿಸ್ಬೇಕು.”

“ಅಂದ್ರೆ ತಮಟೆ ಬಡ್ದು ಸಾರೋ ಕೆಲ್ಸ ಅನ್ನು. ಅದುಕ್ಕೂ ಡಿಗ್ರಿ ಬೇಕೇನ್ಲಾ?”

ಹುಡುಗ ಮುಖ ಸಿಂಡರಿಸಿದ. ಅಜ್ಜಿ ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಸಾರುವವನು ತಮಟೆ ಬಡಿದು ಜನ ಸೇರಿಸಿ, ಯಾರ ಅಪ್ಪಣೆ, ಏನು ನಡೆಯುತ್ತದೆ, ಎಲ್ಲಿ, ಯಾವೊತ್ತು, ಬಾರದಿದ್ದರೆ ಏನಾಗುತ್ತದೆ ಎಂದು ಐದು ಮಾತಿನಲ್ಲಿ ಮುಗಿಸಿ ಮುಂದಿನ ಬೀದಿಗೆ ಹೋಗುತ್ತಿದ್ದ. ಇವತ್ತಿನ ಪ್ರೆಸ್ ನೋಟುಗಳಲ್ಲಿ ವಿಷಯ ಮೂರನೇ ಪುಟಕ್ಕೆ ಬರುತ್ತದೆ. ಮೊದಲೆರಡು ಪುಟ ವೇದಿಕೆ ಮೇಲಿದ್ದವರ ಹೆಸರಿಗೇ ಮೀಸಲು. ಅಜ್ಜಿ ಮರೆತ ಇನ್ನರ್ಧ ಏನೆಂದರೆ, ಸಾರುವವನು ಊರಿನ ಮಾತನ್ನು ಕೇರಿಕೇರಿಗೆ ಮುಟ್ಟಿಸುತ್ತಿದ್ದನೇ ಹೊರತು ಅವನ ಮಾತನ್ನು ಊರಿನ ಚಾವಡಿಗೆ ಮುಟ್ಟಿಸುವವರು ಯಾರೂ ಇರಲಿಲ್ಲ. ಹುಡುಗನ ಎರಡನೇ ವಾಕ್ಯದಲ್ಲಿ ಆ ಕೆಲಸವೂ ಸೇರಿತ್ತು. ಪಠ್ಯದಲ್ಲಿ ಅದು ಸೇರಿಯೇ ಇದೆ. ನೌಕರಿಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಪಾವಗಡಕ್ಕೆ ಹೋದಾಗ ನೋಡೋಣ.

ಈ ಮಕ್ಕಳಿಗೆ ಬಾಯಿಪಾಠ ಆಗಿರುವ ಹೆಸರು ಎಡ್ವರ್ಡ್ ಬರ್ನೇಸ್. ಫ್ರಾಯ್ಡ್‌ನ ಸೋದರಳಿಯ, ಅಂದರೆ ಮನಸ್ಸಿನ ಒಳಗೆ ಕೈ ಹಾಕುವ ವಿದ್ಯೆ ಮನೆತನದಲ್ಲೇ ಇತ್ತು. 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಹೆಂಗಸರ ಕೈಗೆ ಸಿಗರೇಟು ಕೊಟ್ಟು, ಅದಕ್ಕೆ ಸ್ವಾತಂತ್ರ್ಯದ ಪಂಜು ಎಂದು ಹೆಸರಿಟ್ಟು, ಹೊಗೆಸೊಪ್ಪಿನ ಕಂಪನಿಗೆ ಹೊಸ ಗಿರಾಕಿಗಳನ್ನು ಹುಡುಕಿಕೊಟ್ಟ ಭೂಪ. ಪರೀಕ್ಷೆಯಲ್ಲಿ ಅವನಿಗೆ ಯಾವಾಗಲೂ ಐದು ಅಂಕ ಇದ್ದೇ ಇರುತ್ತದೆ. ನನ್ನ ತಕರಾರು ಇಷ್ಟೆ: ಸಿಗರೇಟಿನಂಥ ಚಟದ ಸರಕನ್ನು ಮಾರಿದ್ದೇನು ದೊಡ್ಡದು? ಅವನು ಒಂದು ಶನಿವಾರ ಪಾವಗಡದ ಬಸ್ಸು ಇಳಿಯಬೇಕಿತ್ತು.

ಪಾವಗಡದ ದೇವರು ಯಾರು ನೋಡಿ: ಶನಿಮಹಾತ್ಮ. ಹೆಸರು ಕೇಳಿದರೆ ಎದೆ ಝಲ್ ಎನ್ನುವ ಗ್ರಹ. ‘ಶನಿ’ ಎಂಬುದು ನಮ್ಮಲ್ಲಿ ಬೈಗುಳ. ಸಾಡೇಸಾತಿ ಎಂದರೆ ಏಳೂವರೆ ವರ್ಷ ಸಾಲ, ಕಾಯಿಲೆ, ಕೋರ್ಟು. ಇಂಥವನ ಹೆಸರಿಗಂಟಿದ ಕಳಂಕ ತೊಳೆಯುವ ಕೆಲಸವನ್ನು ಯಾವುದಾದರೂ ದೊಡ್ಡ ಪಿ.ಆರ್. ಕಂಪನಿಗೆ ಕೊಟ್ಟರೆ ಅವರು ಮೊದಲು ಹೆಸರು ಬದಲಾಯಿಸಿ ಅನ್ನುತ್ತಾರೆ. ನಮ್ಮ ಜನ ಹೆಸರು ಬದಲಾಯಿಸಲಿಲ್ಲ, ಮುಂದೆ ಒಂದು ‘ಮಹಾತ್ಮ’ ಸೇರಿಸಿದರು. ಊರೂರಲ್ಲಿ ರಾತ್ರಿಯಿಡೀ ಶನಿಮಹಾತ್ಮೆ ಓದಿಸಿ, ವಿಕ್ರಮರಾಜ ಪಟ್ಟ ಪಾಡನ್ನು ಒಂದೂ ಬಿಡದೆ ಕೇಳಿಸಿದರು. ತೊಂದರೆ ಕೊಡುತ್ತಾನೆ ಅನ್ನುವುದನ್ನು ಮುಚ್ಚಿಡಲಿಲ್ಲ. ಕೊಡುತ್ತಾನೆ, ಆಮೇಲೆ ಬಿಡುತ್ತಾನೆ, ಬಿಟ್ಟಮೇಲೆ ಒಳ್ಳೆಯದನ್ನೂ ಮಾಡುತ್ತಾನೆ ಎಂದರು. ಶನಿವಾರ ಬಂತೆಂದರೆ ಪಾವಗಡದ ದೇವಸ್ಥಾನದ ಮುಂದೆ ಆಂಧ್ರದಿಂದಲೂ ಕರ್ನಾಟಕದಿಂದಲೂ ಜನ ಎಳ್ಳೆಣ್ಣೆ ದೀಪ ಹಿಡಿದು ಸಾಲು ನಿಂತಿರುತ್ತಾರೆ. ಬಿಕ್ಕಟ್ಟು ನಿರ್ವಹಣೆಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ ಹೇಳಿ. ಕೆಟ್ಟ ಸುದ್ದಿ ಬಚ್ಚಿಡಬೇಡ, ಮೊದಲು ನೀನೇ ಹೇಳಿಬಿಡು ಎಂದು ಪಿ.ಆರ್. ಮೇಷ್ಟ್ರುಗಳು ಸಂಬಳ ತಗೊಂಡು ಹೇಳುವುದೂ ಇದನ್ನೇ.

ಕೊರಟಗೆರೆಯವರಿಗೆ ಇಷ್ಟು ಕಷ್ಟವಿಲ್ಲ ಬಿಡಿ. ಗೊರವನಹಳ್ಳಿಯಲ್ಲಿ ಕೂತಿರುವವಳು ಸಾಕ್ಷಾತ್ ಮಹಾಲಕ್ಷ್ಮಿ. ಆ ತಾಯಿಯನ್ನು ಬೇಡ ಅನ್ನುವವರು ಯಾರಿದ್ದಾರೆ? ಅಲ್ಲಿಯದು ಬರೀ ಬಾಯಿಂದ ಬಾಯಿಗೆ ಹಬ್ಬಿದ ಹೆಸರು. “ನಮ್ಮ ಪಕ್ಕದ ಮನೆಯೋರು ಹೋಗ್ಬಂದ್ರಂತೆ, ಮೂರೇ ತಿಂಗಳಿಗೆ ಸೈಟು ಆಯ್ತಂತೆ” ಎನ್ನುವ ಒಂದು ಮಾತಿಗೆ ಬೆಂಗಳೂರಿನಿಂದ ಕಾರುಗಳು ಹೊರಡುತ್ತವೆ. ಇಂಥ ಮಾತನ್ನು ದುಡ್ಡು ಕೊಟ್ಟು ಹುಟ್ಟಿಸುವವರಿಗೆ ಇವತ್ತು ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ಎಂಬ ವಿಭಾಗವೇ ಇದೆ. ದುಡ್ಡು ತಗೊಂಡು ಹೊಗಳಿದವರು ಅದನ್ನು ಹೇಳಲೇಬೇಕು ಎಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ಮಾಡಿತು. ಪಕ್ಕದ ಮನೆಯವರ ಸುದ್ದಿ ಹೇಳುವವರಿಗೆ ಆ ನಿಯಮ ಬೇಕಿಲ್ಲ. ಅವರಿಗೆ ಸಿಗುವುದು ಸೈಟು ನೋಡಿದ ಹೊಟ್ಟೆಯುರಿ ಮಾತ್ರ.

ಪಾವಗಡಕ್ಕೆ ವಾಪಸ್ಸು ಬರೋಣ. ದೇವರು ಬಿಟ್ಟರೆ ಅಲ್ಲಿ ಈಗ ಪ್ರಪಂಚಕ್ಕೆ ಗೊತ್ತಿರುವುದು ಸೋಲಾರ್ ಪಾರ್ಕು. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ಮಳೆಯೇ ಇಲ್ಲ, ಕೊಳವೆಬಾವಿಯಲ್ಲಿ ನೀರಿಲ್ಲ, ಬಂದ ನೀರಿನಲ್ಲೂ ಫ್ಲೋರೈಡು ಎಂದು ಊರು ಬಿಟ್ಟವರ ನಾಡು ಅದು. ಬಿಸಿಲೊಂದೇ ಬೇಕಾದಷ್ಟು. ಆ ಬಿಸಿಲಿಗೂ ಗಿರಾಕಿ ಬಂದನಲ್ಲ ಎಂದು ನಾವೆಲ್ಲ ಬೆರಗಾದೆವು. ಆದರೆ ಜಾಹೀರಾತು ಓದುವ ಮಕ್ಕಳು ನೋಡಬೇಕಾದ್ದು ಸೌರಫಲಕಗಳನ್ನಲ್ಲ, ಅವು ನಿಲ್ಲುವ ಮೊದಲು ಕಟ್ಟೆ ಮೇಲೆ ನಡೆದ ಮಾತುಕತೆಯನ್ನು. ಸರ್ಕಾರ ಬಂದರೆ ಜಮೀನು ಹೋಯಿತು ಎಂದೇ ರೈತನ ಲೆಕ್ಕ. ಇಲ್ಲಿ ಕೊಂಡುಕೊಳ್ಳುವ ಮಾತೇ ಬರಲಿಲ್ಲ. ಪಹಣಿ ನಿಮ್ಮ ಹೆಸರಲ್ಲೇ ಇರಲಿ, ಗುತ್ತಿಗೆಗೆ ಕೊಡಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂದರು. ಕಡ್ಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವನಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. ಮಾತಿನ ಜಾಣತನಕ್ಕಿಂತ ಕೊಟ್ಟ ಕರಾರೇ ಜನರನ್ನು ಒಪ್ಪಿಸಿತು. ಪಿ.ಆರ್. ಓದುವವರು ಹಾಸಿಗೆ ಪಕ್ಕದ ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ವಿಷಯ ಇದು.

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದುಬಿಟ್ಟರೆ ಅದು ಕಂಪನಿಯ ಕಿರುಚಿತ್ರ ಆದೀತು. ಜಮೀನಿದ್ದವನಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡಿಕೊಂಡಿದ್ದ, ಕುರಿ ಮೇಯಿಸಿಕೊಂಡಿದ್ದ, ಹೆಸರಿಗೆ ಒಂದು ಗುಂಟೆಯೂ ಇಲ್ಲದವರಿಗೆ? ಅವರ ಹತ್ತಿರ ಕರಾರು ಮಾಡಿಕೊಳ್ಳಲು ಯಾರೂ ಬರಲಿಲ್ಲ, ಏಕೆಂದರೆ ಬರೆಸಿಕೊಳ್ಳಲು ಅವರ ಹತ್ತಿರ ಏನೂ ಇರಲಿಲ್ಲ. ಅಜ್ಜಿಗೆ ಹುಡುಗ ಹೇಳಿದ್ದ ಎರಡನೇ ವಾಕ್ಯ ಇಲ್ಲಿ ಕೆಲಸಕ್ಕೆ ಬರಬೇಕಿತ್ತು. ಜನದ ವಿಷಯವನ್ನು ಸಂಸ್ಥೆಗೆ ತಿಳಿಸುವ ಸಂಪರ್ಕಾಧಿಕಾರಿ ಮೇಲಿನವರ ಮುಂದೆ ನಿಂತು “ಸಾರ್, ಕೂಲಿಯವರ ಗತಿಯೇನು?” ಅನ್ನಬೇಕು. ಅಂದರೆ ಅವನ ಇನ್‌ಕ್ರಿಮೆಂಟಿನ ಗತಿಯೇನು ಎಂಬ ಪ್ರಶ್ನೆಯನ್ನೂ ಪಾಠದಲ್ಲೇ ಎತ್ತಿ ಚರ್ಚೆ ಮಾಡಿಸಬೇಕು. ಈ ಎರಡು ಪ್ರಶ್ನೆ ಕೇಳದೆ ಪದವಿ ಮುಗಿಸಿದವನು ಒಳ್ಳೆಯ ಫೋಟೊ ತೆಗೆಸಬಲ್ಲ, ಅಷ್ಟೆ.

ಮಧುಗಿರಿಗೆ ಬೇರೆ ಥರದ ತೊಂದರೆ. ಅಲ್ಲಿರುವುದು ಏಷ್ಯಾದ ಎರಡನೇ ಅತಿ ದೊಡ್ಡ ಏಕಶಿಲಾ ಬೆಟ್ಟ ಎಂದು ಪ್ರವಾಸಿ ಪುಸ್ತಕಗಳೂ ಮೇಷ್ಟ್ರುಗಳೂ ಒಂದೇ ದನಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಮೊದಲನೆಯದು ಮಾಗಡಿ ಹತ್ತಿರದ ಸಾವನದುರ್ಗವಂತೆ. ಯಾರು ಟೇಪು ಹಿಡಿದು ಅಳೆದರೋ! ಮಧುಗಿರಿಯವರು ಅದನ್ನು ಹೇಳುವಾಗ ‘ಎರಡನೇ’ ಎಂಬ ಮಾತು ಬಂದಾಗ ಸ್ವಲ್ಪ ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. 1962ರಲ್ಲಿ ಅಮೆರಿಕದಲ್ಲಿ ಏವಿಸ್ ಎಂಬ ಬಾಡಿಗೆ ಕಾರಿನ ಕಂಪನಿ ನಾವು ಎರಡನೆಯವರು, ಅದಕ್ಕೇ ಹೆಚ್ಚು ಶ್ರಮ ಪಡುತ್ತೇವೆ ಎಂದು ಎದೆತಟ್ಟಿ ಜಾಹೀರಾತು ಕೊಟ್ಟಿತು. ಬರೆದವಳು ಪೌಲಾ ಗ್ರೀನ್ ಎಂಬ ಹೆಂಗಸು. ಗೆದ್ದವನ ಹತ್ತಿರ ಹೋಗಬೇಡಿ, ಅವನಿಗೆ ಪುರುಸೊತ್ತಿಲ್ಲ ಎಂಬ ಧಾಟಿ. ಜನ ನಕ್ಕರು, ಕಾರೂ ಬಾಡಿಗೆಗೆ ಹೋಯಿತು. ಈ ಕಥೆ ಎಲ್ಲಾ ಪಠ್ಯಪುಸ್ತಕದಲ್ಲೂ ಇದೆ. ಆ ಬೆಟ್ಟ ತರಗತಿಯ ಎಷ್ಟೋ ಮಕ್ಕಳಿಗೆ ಮನೆ ಜಗಲಿಯಿಂದಲೇ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು “ಬರೀರಿ ನೋಡೋಣ, ಎರಡನೇ ಬೆಟ್ಟಕ್ಕೆ ನಾಲ್ಕು ಸಾಲು” ಎಂದರೆ ಒಬ್ಬನಾದರೂ ಬರೆದಾನು: ಮೇಲೆ ಹೋದಂತೆ ಕಡಿದು, ಕಂಬಿ ಹಿಡಿದೇ ಹತ್ತಬೇಕು, ನೀರಿನ ಬಾಟಲು ಮರೆತವರು ಅರ್ಧಕ್ಕೇ ವಾಪಸ್ಸು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೇ ಹುಡುಗರು ಬೈಕು ಹತ್ತಿ ಬರುತ್ತಾರೆ.

ಶಿರಾದ್ದು ಮರೆತುಹೋದ ಬ್ರ್ಯಾಂಡು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಬಸ್ಸು ಊಟಕ್ಕೆ ನಿಲ್ಲಿಸುವ ಜಾಗ. 1687ರಲ್ಲಿ ಮೊಗಲರು ಈ ಭಾಗ ಹಿಡಿದಾಗ ಸುಬಾದ ರಾಜಧಾನಿ ಮಾಡಿಕೊಂಡದ್ದು ಇದೇ ಶಿರಾವನ್ನು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಗೊಂಡ ಎಲ್ಲ ಇದರ ಕೈಕೆಳಗೆ. ಇಲ್ಲಿನ ಖಾನ್ ಬಾಗ್ ತೋಟ ನೋಡಿಯೇ ಬೆಂಗಳೂರಿನ ಲಾಲ್‌ಬಾಗಿನ ಆಲೋಚನೆ ಬಂತು ಎಂದೂ ಹೇಳುತ್ತಾರೆ. ಈಗ ಶಿರಾದವರು ಹೂವಿನ ಪ್ರದರ್ಶನ ನೋಡಲು ಟಿಕೆಟ್ ತಗೊಂಡು ಲಾಲ್‌ಬಾಗಿಗೆ ಹೋಗುತ್ತಾರೆ! ಅದೇ ತಾಲ್ಲೂಕಿನ ಕಗ್ಗಲಡು ಹಳ್ಳಿಯಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಯಾರ ಪಿ.ಆರ್. ಏಜೆನ್ಸಿಯೂ ಕರೆದದ್ದಲ್ಲ. ಊರಿನವರು ತಂಟೆಗೆ ಹೋಗುವುದಿಲ್ಲ ಎಂಬ ಸುದ್ದಿ ಕೊಕ್ಕರೆಗಳ ನಡುವೆ ಹಬ್ಬಿರಬೇಕು.

ಹೀಗೆ ಪ್ರಚಾರದ ನಡುವೆಯೇ ಹುಟ್ಟಿ ಬೆಳೆದ ಮಕ್ಕಳು ನೌಕರಿಗೆಂದು ಬೆಂಗಳೂರಿಗೆ ಹೋದಾಗ ಯಾಕೆ ಬಾಯಿ ಕಟ್ಟುತ್ತದೆ? ಇಂಗ್ಲಿಷು ಎನ್ನುತ್ತಾರೆ. ಅದು ಕಾಲುಭಾಗ ನಿಜ. ಮುಖ್ಯ ಸಂಗತಿ, ಏಜೆನ್ಸಿಯವರು ಕೇಳುವುದು ಮಾಡಿದ ಕೆಲಸ, ಇವರು ಚಾಚುವುದು ಮಾರ್ಕ್ಸ್ ಕಾರ್ಡು. ಮೂರು ವರ್ಷದಲ್ಲಿ ಬರೆದದ್ದೆಲ್ಲ ಉತ್ತರ ಪತ್ರಿಕೆ; ಅದನ್ನು ಬಂಡಲ್ ಕಟ್ಟಿ ಪರೀಕ್ಷಾ ವಿಭಾಗದವರು ತಗೊಂಡು ಹೋಗಿರುತ್ತಾರೆ. ತೋರಿಸಲು ಒಂದು ಪೋಸ್ಟರಿಲ್ಲ, ಇಪ್ಪತ್ತು ಸೆಕೆಂಡಿನ ರೇಡಿಯೋ ಸ್ಪಾಟಿಲ್ಲ. ಅದೇ ಹೊತ್ತಿಗೆ ಮಧುಗಿರಿಯ ಡಿಟಿಪಿ ಅಂಗಡಿಯಲ್ಲಿ ಪಿಯುಸಿ ಬಿಟ್ಟ ಹುಡುಗ ದಿನವಿಡೀ ಜಾಹೀರಾತನ್ನೇ ಮಾಡುತ್ತಿರುತ್ತಾನೆ. ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಇದೆಯಲ್ಲ, ಅದು ಸಾಮಾನ್ಯ ವಿದ್ಯೆ ಅಂದುಕೊಳ್ಳಬೇಡಿ. ಮೇಲೆ ದೊಡ್ಡ ನಾಯಕರು, ನಡುವೆ ಹುಟ್ಟಿದವರು, ಕೆಳಗೆ ಶುಭ ಕೋರುವವರ ಮೂವತ್ತು ಪಾಸ್‌ಪೋರ್ಟ್ ಮುಖ. ಯಾರ ತಲೆ ಯಾರಿಗಿಂತ ಒಂದು ಇಂಚು ಚಿಕ್ಕದಾದರೆ ಯಾರು ಅಂಗಡಿಗೆ ಬಂದು ಜಗಳ ತೆಗೆಯುತ್ತಾರೆ ಎಂಬುದು ಆ ಹುಡುಗನಿಗೆ ಗೊತ್ತು. ಎಂಬಿಎ ಓದಿದವರು ಇದಕ್ಕೇ ಸ್ಟೇಕ್‌ಹೋಲ್ಡರ್ ಮ್ಯಾಪಿಂಗ್ ಎಂದು ಎರಡು ದಿನ ಕಾರ್ಯಾಗಾರ ಮಾಡುತ್ತಾರೆ. ಅಂದಹಾಗೆ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು 2016ರಲ್ಲೇ ನಿಷೇಧಿಸಿದೆ. ಆ ಸುದ್ದಿಯನ್ನು ಯಾರೂ ಫ್ಲೆಕ್ಸ್ ಹಾಕಿಸಿ ತಿಳಿಸದೇ ಇದ್ದದ್ದರಿಂದ ನಮ್ಮ ಸರ್ಕಲ್ಲುಗಳಿಗೆ ಇನ್ನೂ ಮುಟ್ಟಿಲ್ಲ.

ಬೆಂಗಳೂರಿಗೆ ಹೋಗಿ ಕೆಲಸ ಸಿಕ್ಕಿತು ಅನ್ನಿ. ಆಗ ತಿಳಿಯುತ್ತದೆ, ಜಾಹೀರಾತು ಎಂದರೆ ನಟಿಯ ಪಕ್ಕ ನಿಂತು ‘ಕಟ್’ ಅನ್ನುವುದಲ್ಲ ಎಂದು. ಪಿ.ಆರ್. ಸೇರಿದವರು ಮೊದಲ ವರ್ಷವಿಡೀ ಪತ್ರಿಕಾ ಕಚೇರಿಗಳಿಗೆ ಫೋನು ಮಾಡಿ “ಸಾರ್, ಪ್ರೆಸ್ ನೋಟು ಬಂತಾ ಸಾರ್?” ಎಂದು ಕೇಳುತ್ತಾರೆ, ಆ ಕಡೆಯಿಂದ “ನೋಡ್ತೀನಿ” ಎಂಬ ಎಂದೂ ಮುಗಿಯದ ಉತ್ತರ ಬರುತ್ತದೆ. ಕಾಪಿ ಬರೆಯಲು ಹೋದವರಿಗೆ ಮುಂಬೈಯಿಂದ ಬಂದ ಹಿಂದಿ ಜಾಹೀರಾತಿನ ತುಟಿಯ ಅಳತೆಗೆ ಕನ್ನಡ ಹೊಲಿಯುವ ಕೆಲಸ. ಆ ಹೆಂಗಸು ಕನ್ನಡದಲ್ಲಿ ಮಾತಾಡುತ್ತಿದ್ದಾಳೋ, ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡಿದ್ದಾಳೋ ಎಂದು ಟೀವಿ ಮುಂದೆ ನಾವು ತಲೆ ಕೆರೆದುಕೊಳ್ಳುತ್ತೇವಲ್ಲ, ಅದು ಯಾರೋ ಒಬ್ಬ ಪದವೀಧರ ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ ಕೆಲಸ. ಬೈಯುವ ಮೊದಲು ಅವನ ಸಂಬಳ ನೆನೆಯಿರಿ.

ಸಂಬಳ ಅಂದಕೂಡಲೇ ಮೈಸೂರು ಸ್ಯಾಂಡಲ್ ನೆನಪಾಯಿತು. ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾದಾಗ ಅದನ್ನು ಎಬ್ಬಿಸಿ ನಿಲ್ಲಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳು ರಸಾಯನಶಾಸ್ತ್ರ ಓದಿದವರು. ಪ್ಯಾಕಿಂಗ್ ಮಾತ್ರ ಚಿನ್ನಾಭರಣದ ಡಬ್ಬಿಯ ಹಾಗಿರಲಿ, ಸೋಪು ಚೌಕ ಬೇಡ, ಮೊಟ್ಟೆಯಾಕಾರದಲ್ಲಿರಲಿ, ಮೇಲೆ ಶರಭದ ಗುರುತಿರಲಿ ಎಂದು ಕಾಳಜಿ ಮಾಡಿದರು. ಈಗಲೂ ಸೋಪು ತೇಯ್ದು ಮುಗಿದರೂ ಖಾಲಿ ಡಬ್ಬಿಯನ್ನು ಬೀರುವಿನ ಸೀರೆಗಳ ನಡುವೆ ಇಡುವ ಮನೆಗಳಿವೆ. 2025ರಲ್ಲಿ ಅದೇ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಕನ್ನಡದವರು ಯಾರೂ ಸಿಗಲಿಲ್ಲವೇ ಎಂದು ನಾಡೆಲ್ಲ ಗದ್ದಲವಾಯಿತು. ನಂದಿನಿ ಹಾಲಿಗೆ ರಾಜ್‌ಕುಮಾರ್ ಒಂದು ಪೈಸೆ ತೆಗೆದುಕೊಳ್ಳದೆ ಜಾಹೀರಾತಿನಲ್ಲಿ ನಿಂತಿದ್ದರು, ಆಮೇಲೆ ಪುನೀತ್ ಕೂಡ ಹಾಗೇ ಎಂದು ಹಿರಿಯರು ಕಣ್ಣು ಒರೆಸಿಕೊಂಡರು. ನಾನು ಯೋಚಿಸಿದ್ದು ಬೇರೆ: ಆ ಆರು ಕೋಟಿಯ ಮುಖದ ಬಾಯಿಂದ ಬರುವ ಎರಡು ಸಾಲು ಬರೆದವನಿಗೆ ಎಷ್ಟು ಕೊಟ್ಟಿರಬಹುದು? ಆ ಬಗ್ಗೆ ಗದ್ದಲ ಮಾಡಲು ಯಾರೂ ಬೀದಿಗೆ ಇಳಿಯಲಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ ನನ್ನದೊಂದು ಅರಿಕೆ. ಬರ್ನೇಸನನ್ನು ಬಿಡಬೇಡಿ, ಅವನ ಪಾಡಿಗೆ ಅವನಿಗೆ ಐದು ಅಂಕ ಇರಲಿ. ಆದರೆ ಮುಂದಿನ ಸೆಮಿಸ್ಟರಿನಲ್ಲಿ ಒಂದು ಪತ್ರಿಕೆಯನ್ನಾದರೂ ಕೊಠಡಿಯ ಹೊರಗೆ ಇಡಿ. ಒಬ್ಬ ಶಿರಾದ ಸಂತೆಯಲ್ಲಿ ಹುಣಸೆಹಣ್ಣಿನ ರಾಶಿ ಮುಂದೆ ಕೂತು ಮಾರಲಿ, ಸಂಜೆಗೆ ಎಷ್ಟು ಹೋಯಿತೆಂದು ಬರೆಯಲಿ. ಇನ್ನೊಬ್ಬಳು ಪಾವಗಡದ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆಯ ಹಿಂದೆ ಒಂದು ವಾರ ತಿರುಗಿ, ಫ್ಲೋರೈಡ್ ನೀರು ಕುಡಿಯಬೇಡಿ ಎಂಬ ಮಾತನ್ನು ಒಂದು ಮನೆಯಲ್ಲಿ ಕನ್ನಡದಲ್ಲಿ, ಪಕ್ಕದ ಮನೆಯಲ್ಲಿ ತೆಲುಗಿನಲ್ಲಿ ಹೇಗೆ ಒಪ್ಪಿಸುತ್ತಾಳೆಂದು ಕಲಿಯಲಿ. ಮತ್ತೊಬ್ಬ ತಿರುಮಣಿಗೆ ಹೋಗಿ ಜಮೀನಿದ್ದವನನ್ನೂ ಇಲ್ಲದವನನ್ನೂ ಮಾತಾಡಿಸಿ ಎರಡು ಬೇರೆ ಬೇರೆ ಪ್ರೆಸ್ ನೋಟು ತರಲಿ. ಆ ಕಾಗದಗಳನ್ನು ಬಂಡಲ್ ಕಟ್ಟಬೇಡಿ, ಮಕ್ಕಳ ಕೈಗೇ ವಾಪಸ್ಸು ಕೊಡಿ. ಬೆಂಗಳೂರಿಗೆ ಹೋಗುವಾಗ ಬ್ಯಾಗಿನಲ್ಲಿ ಅವಿರಬೇಕು.